ಶಕ್ತಿಮಾನ್ ನಿಂತುಹೋದ ರವಿವಾರ

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಹಳ್ಳಿಗಳಲ್ಲಿ ಬೆಳೆದ ನಾವು ಮೊನ್ನೆ ಕೂಡಿದ್ದಾಗ ಒಂದು ಪ್ರಶ್ನೆ ಬಂತು. ಶಕ್ತಿಮಾನ್ ಧಾರಾವಾಹಿಯ ಕೊನೆಯ ಕಂತು ಯಾರಿಗೆ ನೆನಪಿದೆ? ಮೊದಲಿನ ಕಂತುಗಳನ್ನು ಎಲ್ಲರೂ ಪಟಪಟನೆ ಹೇಳಿದರು. ಕೊನೆಯದನ್ನು ಒಬ್ಬರೂ ಹೇಳಲಿಲ್ಲ. ಇಷ್ಟು ವರ್ಷ ಕಣ್ಣು ಮಿಟುಕಿಸದೆ ನೋಡಿದ ಕಥೆಗೆ ಹೀಗೇಕಾಯಿತು?

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ಗೋಕಾಕ ಫಾಲ್ಸ್‌ನಲ್ಲಿ 1887ರಲ್ಲೇ ನೀರಿನಿಂದ ವಿದ್ಯುತ್ ತಯಾರಾಗಿತ್ತು. ಆದರೆ ಅದು ಗಿರಣಿಯ ಕೆಲಸಕ್ಕೆ. ಹಳ್ಳಿ ಮನೆಗಳಿಗೆ ದೀಪ ಬರಲು ಇನ್ನೂ ಹಲವು ದಶಕ ಹಿಡಿಯಿತು. ಹುಕ್ಕೇರಿಯಲ್ಲಿ ಅದಕ್ಕಾಗಿಯೇ 1969ರಲ್ಲಿ ರೈತರ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಹುಟ್ಟಿತು. ದೀಪದ ಹಿಂದೆ ರೇಡಿಯೋ ಬಂತು, ರೇಡಿಯೋದ ಹಿಂದೆ ಟಿವಿ. 90ರ ದಶಕದಲ್ಲೂ ನಮ್ಮ ಓಣಿಗೆ ಒಂದೋ ಎರಡೋ ಟಿವಿ. ಅದರಲ್ಲಿ ದೂರದರ್ಶನ ಒಂದೇ.

ಆ ಟಿವಿಯಲ್ಲಿ 1997ರ ಸೆಪ್ಟೆಂಬರ್‌ನಲ್ಲಿ ಶಕ್ತಿಮಾನ್ ಶುರುವಾಯಿತು. ಮಹಾಭಾರತದ ಭೀಷ್ಮನಾಗಿ ಎಲ್ಲರಿಗೂ ಗೊತ್ತಿದ್ದ ಮುಕೇಶ್ ಖನ್ನಾ ಅದರ ನಾಯಕ, ನಿರ್ಮಾಪಕರೂ ಅವರೇ. ನಾಯಕನ ಶಕ್ತಿ ಯೋಗ ಮತ್ತು ಪಂಚಭೂತಗಳಿಂದ ಬಂದದ್ದು. ಎದುರಿಗೆ ಕತ್ತಲೆಯ ರಾಜ ಕಿಲ್ವಿಷ್, ಜೊತೆಗೆ ಪ್ರಯೋಗಾಲಯದ ವಿಜ್ಞಾನಿ ಡಾಕ್ಟರ್ ಜಾಕಾಲ್. ಪುರಾಣ ಅರ್ಧ, ವಿಜ್ಞಾನ ಅರ್ಧ. 1998ರಲ್ಲಿ ಮಿಲಿಂದ್ ಸೋಮನ್ ನಟಿಸಿದ ಬಾಹ್ಯಾಕಾಶದ ಕಥೆ ಕ್ಯಾಪ್ಟನ್ ವ್ಯೋಮ್ ಕೂಡ ಬಂತು. ಆದರೆ ನಮ್ಮ ಹುಡುಗರ ಮನಸ್ಸಿನಲ್ಲಿ ಕೂತವನು ಶಕ್ತಿಮಾನ್.

ರವಿವಾರ ಮಧ್ಯಾಹ್ನ 12ಕ್ಕೆ ಟಿವಿ ಇದ್ದ ಮನೆಯ ಪಡಸಾಲೆ ತುಂಬುತ್ತಿತ್ತು. ಹೊರಗೆ ಚಪ್ಪಲಿಗಳ ರಾಶಿ. "ಕಾಕಾ, ಟಿವಿ ಹಚ್ರೀ, ಹೊತ್ತಾತು" ಎಂಬ ಕೂಗು. ಕರೆಂಟ್ ಇಲ್ಲದಿದ್ದರೆ ಟ್ರ್ಯಾಕ್ಟರ್ ಬ್ಯಾಟರಿ ಬಿಚ್ಚಿ ಕಪ್ಪು ಬಿಳುಪು ಟಿವಿಗೆ ಜೋಡಿಸುವ ಅಣ್ಣಂದಿರೂ ಇದ್ದರು. ಮಾತೆಲ್ಲ ಹಿಂದಿ. ಕನ್ನಡದಲ್ಲಿ ಡಬ್ಬಿಂಗ್ ಬೇಡವೆಂಬ ಕಟ್ಟುಪಾಡು ಆಗ ಬಿಗಿಯಾಗಿತ್ತು. ಹಾಗಾಗಿ ನಮ್ಮಲ್ಲಿ ಎಷ್ಟೋ ಜನ ಹಿಂದಿ ಕಲಿತದ್ದು ಸಾಲಿಯಲ್ಲಲ್ಲ, ಆ ಪಡಸಾಲೆಯಲ್ಲಿ.

ಇನ್ನೊಂದು ಸಾಲವೂ ಇದೆ. ವರದಿಗಾರ್ತಿ ಎಂದರೆ ಏನೆಂದು ನಾವು ಮೊದಲು ನೋಡಿದ್ದು ಇದೇ ಕಥೆಯ ಗೀತಾ ವಿಶ್ವಾಸ್‌ಳಲ್ಲಿ. ನಾಯಕ ಗಂಗಾಧರ ಕೂಡ 'ಆಜ್ ಕೀ ಆವಾಜ್' ಪತ್ರಿಕೆಯ ಫೋಟೋಗ್ರಾಫರ್. ಮುಂದೆ ನಾವು ಪತ್ರಿಕೋದ್ಯಮ ಓದಿದ್ದಕ್ಕೆ ಅದೂ ಒಂದು ಕಾರಣ ಎಂದರೆ ನಗಬೇಡಿ.

ತೊಂದರೆಯೂ ಆಯಿತು. ಶಕ್ತಿಮಾನ್ ಬಂದು ಕಾಪಾಡುತ್ತಾನೆಂದು ಮಕ್ಕಳು ಅಪಾಯಕ್ಕೆ ಇಳಿದ ಸುದ್ದಿಗಳು ದೇಶದ ಪತ್ರಿಕೆಗಳಲ್ಲಿ ಬಂದವು. ಹಾಗೆ ಮಾಡಬೇಡಿ ಎಂದು ಖನ್ನಾ ಪರದೆಯ ಮೇಲೆಯೇ ಮಕ್ಕಳಿಗೆ ಹೇಳಬೇಕಾಯಿತು.

ಹಾಗಾದರೆ ನಿಂತದ್ದೇಕೆ? ಆಗ ಸೀಸನ್ ಎಂಬ ಲೆಕ್ಕ ಇರಲಿಲ್ಲ, ಕಥೆ ವಾರವಾರ ಹರಿಯುತ್ತಲೇ ಇತ್ತು. ಒಳಗಿನ ವ್ಯವಹಾರ ಮಾತ್ರ ನಮ್ಮ ಸಂತೆಯಂತೆಯೇ. ಸಂತೆಯಲ್ಲಿ ಅಂಗಡಿ ಹಾಕುವವರು ನೆಲಬಾಡಿಗೆ ಕೊಡುತ್ತಾರಲ್ಲ, ಹಾಗೆ ನಿರ್ಮಾಪಕರು ದೂರದರ್ಶನಕ್ಕೆ ಸಮಯದ ಬಾಡಿಗೆ ಕೊಡಬೇಕು. ಜಾಹೀರಾತು ಮಾರಿ ಆ ಹಣ ಹುಟ್ಟಿಸಿಕೊಳ್ಳಬೇಕು. ಶುರುವಿನಲ್ಲಿ ಶನಿವಾರ ಬೆಳಿಗ್ಗೆ ಮತ್ತು ಮಂಗಳವಾರ ಸಂಜೆ ಬರುತ್ತಿದ್ದಾಗ ಬಾಡಿಗೆ 4 ಲಕ್ಷ ರೂಪಾಯಿಯೊಳಗಿತ್ತು. ರವಿವಾರ ಎಂದರೆ ಸಂತೆಯ ಮುಂಭಾಗದ ಜಾಗ. ಅಲ್ಲಿಗೆ ಬಂದ ಮೇಲೆ ಅದು ಏರುತ್ತಾ 10 ಲಕ್ಷ ದಾಟಿತು, ಮುಂದೆ 16 ಲಕ್ಷ ಕೇಳಿದಾಗ ನಿಲ್ಲಿಸಬೇಕಾಯಿತು ಎಂದು ಖನ್ನಾ ಸಂದರ್ಶನಗಳಲ್ಲಿ ಹೇಳಿದ್ದಾರೆ. 2005ರ ಮಾರ್ಚ್ 27, ರವಿವಾರ, ಶಕ್ತಿಮಾನ್ ಮುಗಿಯಿತು. ಅವನನ್ನು ಸೋಲಿಸಿದ್ದು ಕಿಲ್ವಿಷ್ ಅಲ್ಲ, ಬಾಡಿಗೆ.

ನಮ್ಮೂರಲ್ಲಿ ಅದು ವಾರ್ಷಿಕ ಪರೀಕ್ಷೆಯ ಹೊತ್ತು. ಪರೀಕ್ಷೆ ಮುಗಿಸಿ ಸೂಟಿಯಲ್ಲಿ ಹೋಗಿ ಕೂತೆವು. "ಅದು ಇನ್ನ ಬರೂದಿಲ್ಲಂತ ತಮ್ಮಾ" ಎಂದರು ಕಾಕಾ. ನಾವು ನಂಬಲಿಲ್ಲ. ಎರಡು ರವಿವಾರ ಮತ್ತೆ ಹೋದೆವು, ಮೂರನೆಯದಕ್ಕೆ ಹೋಗಲಿಲ್ಲ. ಪಟ್ಟಣದ ಮಕ್ಕಳಿಗೆ ಕೇಬಲ್‌ನಲ್ಲಿ ಕಾರ್ಟೂನ್ ಇತ್ತು. ದೂರದರ್ಶನದ ಉಚಿತ ಡಿಶ್ 2004ರ ಡಿಸೆಂಬರ್‌ನಲ್ಲಿ ಶುರುವಾಗಿದ್ದರೂ ನಮ್ಮ ಮಾಳಿಗೆಗಳ ಮೇಲೆ ಅದು ಕಾಣಿಸಿದ್ದು ನಿಧಾನಕ್ಕೆ. ಆಮೇಲೆ ಮನೆಮನೆಗೂ ಟಿವಿ ಬಂತು. ಪಡಸಾಲೆ ಮಾತ್ರ ಹಾಗೆ ಮತ್ತೆ ತುಂಬಲಿಲ್ಲ.

2020ರ ಏಪ್ರಿಲ್‌ನಲ್ಲಿ, ಲಾಕ್‌ಡೌನ್ ಹೊತ್ತಿನಲ್ಲಿ, ದೂರದರ್ಶನ ಶಕ್ತಿಮಾನನನ್ನು ಮತ್ತೆ ತೋರಿಸಿತು. ನಾವು ನಮ್ಮ ಮನೆಯ ಹುಡುಗರನ್ನು ಕರೆದು ಕೂರಿಸಿದೆವು. ಹತ್ತು ನಿಮಿಷಕ್ಕೆ ಅವರು ಫೋನ್ ಹಿಡಿದು ಎದ್ದರು. ನಾವು ಕೂತೇ ಇದ್ದೆವು.

ನಿಮ್ಮೂರಿನ ಮೊದಲ ಟಿವಿ ಯಾರ ಮನೆಯಲ್ಲಿತ್ತು? ಆ ಪಡಸಾಲೆಯಲ್ಲಿ ಯಾರ್‍ಯಾರು ಕೂರುತ್ತಿದ್ದರು, ಯಾರನ್ನು ಹೊರಗೇ ನಿಲ್ಲಿಸುತ್ತಿದ್ದರು? ಹಿರಿಯರನ್ನು ಇವತ್ತೇ ಕೇಳಿ ಬರೆದಿಡಿ. ಸಾಲಿಯ ಪುಸ್ತಕದಲ್ಲಿ ಇದು ಸಿಗುವುದಿಲ್ಲ.