ಮಂದ್ರದ ತಂತಿಯೂ ಕನ್ನಡದ ಲಯವೂ

ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ಮನೆಮಾಡಿಕೊಂಡಿರುವವನೊಬ್ಬನು ಸ್ವೀಡನ್ ದೇಶದ ಜಾಝ್ ವಾದಕರನ್ನು ಕುರಿತು ಬರೆಯತೊಡಗಿದರೆ, ಕೈಗೆಟಕುವುದನ್ನು ಬಿಟ್ಟು ದಿಗಂತದಾಚೆಯದನ್ನು ಅರಸಹೊರಟನೆಂದು ನೆರೆಹೊರೆಯವರಿಗೆ ತೋರಿದರೆ ಆಶ್ಚರ್ಯವಿಲ್ಲ. ಆದರೆ ಈ ಸೀಮೆಯ ಕಿವಿ ಮೊದಲಿನಿಂದಲೂ ಎರಡು ಸಂಪ್ರದಾಯಗಳ ಸಂಧಿಯಲ್ಲಿ ಬೆಳೆದುದು. ತುಂಗಭದ್ರೆಯನ್ನು ಹರಿಹರದಲ್ಲಿ ದಾಟಿ ಉತ್ತರಕ್ಕೆ ನಡೆದರೆ ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಬೆಳೆಸಿದ ಗದಗಿನ ವೀರೇಶ್ವರ ಪುಣ್ಯಾಶ್ರಮದ ಖಯಾಲು. ದಕ್ಷಿಣಕ್ಕೆ ಹೊರಟರೆ ಮೈಸೂರಿನ ವೀಣೆ ಪಿಟೀಲುಗಳ ಕೃತಿಸಂಪತ್ತು. ನಡುವೆ, ಚಿಂದೋಡಿ ಲೀಲಾ ಅವರ ಮನೆತನದ ಕೆ.ಬಿ.ಆರ್. ಕಂಪನಿಯಂತಹ ನಾಟಕ ಮಂಡಲಿಗಳಲ್ಲಿ ಹಾರ್ಮೋನಿಯಂ ಪೆಟ್ಟಿಗೆಯೂ ತಬಲೆಯೂ ಜೊತೆಗೂಡಿ ಎರಡು ಕಡೆಯ ಧಾಟಿಗಳನ್ನೂ ರಂಗದ ಮೇಲೆ ನಡೆಸಿಕೊಂಡು ಬಂದುವು. ಒಂದು ಸಂಗೀತವು ಮತ್ತೊಂದರ ಮಗ್ಗುಲಿಗೆ ಬಂದು ಕುಳಿತಾಗ ಯಾವುದು ಉಳಿಯುತ್ತದೆ, ಯಾವುದು ಮಣಿಯುತ್ತದೆ ಎಂಬ ಪ್ರಶ್ನೆ ಇಲ್ಲಿನವರಿಗೆ ಪರಕೀಯವಾದುದಲ್ಲ.

ಜಾಝ್ ಮೇಳದಲ್ಲಿ ಮಂದ್ರಸ್ಥಾಯಿಯ ತಂತಿವಾದ್ಯವನ್ನು ಹಿಡಿದವನ ಕಾರ್ಯ ವಿಶಿಷ್ಟವಾದುದು. ಆಳೆತ್ತರದ ಡಬಲ್ ಬೇಸನ್ನು ಮೈಗೊರಗಿಸಿಕೊಂಡು, ಕಮಾನನ್ನು ಬದಿಗಿಟ್ಟು, ಬೆರಳಿನಿಂದ ತಂತಿಯನ್ನು ಮೀಟುತ್ತ, ಅವನು ಒಂದೊಂದು ಸ್ವರದಲ್ಲಿಯೂ ಎರಡು ಸಂಗತಿಗಳನ್ನು ಸಾರುತ್ತಾನೆ: ಕಾಲ ಎಲ್ಲಿ ನಡೆಯುತ್ತಿದೆ ಎಂಬುದೊಂದು, ಮೇಲೆ ಕೇಳಿಬರುವ ಸ್ವರಮೇಳಕ್ಕೆ ಈ ಗಳಿಗೆಯಲ್ಲಿ ಆಧಾರ ಯಾವುದೆಂಬುದು ಇನ್ನೊಂದು. ಆ ಆಧಾರವಾದರೋ ಹಾಡು ಮುಂದುವರಿದಂತೆಲ್ಲ ಸ್ಥಾನಾಂತರ ಹೊಂದುತ್ತಲೇ ಇರುತ್ತದೆ. ನಮ್ಮಲ್ಲಿ ಈ ಎರಡು ಕಾರ್ಯಗಳೂ ಬೇರೆಬೇರೆ ಕೈಗಳಲ್ಲಿವೆ. ತಂಬೂರಿಯು ಅಚಲವಾದ ಶ್ರುತಿಯನ್ನು ಹಿಡಿದಿರುತ್ತದೆ, ರವೆಯ ಕಣಕವನ್ನು ಮೆತ್ತಿದ ಮೃದಂಗದ ಎಡಮುಖವು ಲಯಕ್ಕೆ ಬೇಕಾದ ಗಂಭೀರನಾದವನ್ನು ಕೊಡುತ್ತದೆ. ಶ್ರುತಿ ಕದಲಿತೆಂದರೆ ರಾಗವೇ ಕೆಟ್ಟಿತು. ಆದುದರಿಂದ ಜಾಝ್ ಮತ್ತು ಕರ್ನಾಟಕ ಸಂಗೀತಗಳು ಕೂಡಿದೆಡೆಯಲ್ಲೆಲ್ಲ ಸ್ಯಾಕ್ಸೊಫೋನಿಗೂ ಕೊಳಲಿಗೂ ಸುಲಭವಾಗಿ ಆಸನ ದೊರೆತರೂ ಮಂದ್ರದ ತಂತಿಗೆ ಮಾತ್ರ ಎಡೆ ದೊರೆಯುವುದು ಕಷ್ಟವಾಯಿತು. ಈ ಸಮಾಗಮದ ಚರಿತ್ರೆಯನ್ನು ಆ ತಂತಿಯ ಕಡೆಯಿಂದ ನೋಡುವುದೇ ಹೆಚ್ಚು ಬೋಧಪ್ರದವೆಂದು ನನ್ನ ಭಾವನೆ.

ಸ್ವೀಡನ್ನಿನಲ್ಲಿ ಈ ತಂತಿಯನ್ನು ಹಿಡಿದವರು ಬರಿಯ ಪಕ್ಕವಾದ್ಯಗಾರರಾಗಿ ಉಳಿಯದೆ ರಚನಕಾರರಾಗಿಯೂ ಬೆಳೆದರು. ಅವರಲ್ಲಿ ಹಿರಿಯರು ಜಾರ್ಜ್ ರೀಡೆಲ್. 1934ರಲ್ಲಿ ಚೆಕ್ ಸೀಮೆಯ ಕಾರ್ಲೊವಿ ವಾರಿಯಲ್ಲಿ ಜನಿಸಿ, ಎಳವೆಯಲ್ಲಿಯೇ ಸ್ವೀಡನ್ನಿಗೆ ಬಂದು ನೆಲಸಿದ ಇವರು, ಪಿಯಾನೋ ವಾದಕ ಯಾನ್ ಯೋಹಾನ್ಸನ್ ಅವರೊಡನೆ ಸ್ವೀಡನ್ನಿನ ಹಳ್ಳಿಗಾಡಿನ ಹಳೆಯ ಧಾಟಿಗಳನ್ನು ನುಡಿಸಿದ ಧ್ವನಿಮುದ್ರಿಕೆ 1964ರಲ್ಲಿ ಹೊರಬಂದಿತು. ಇರುವುದು ಎರಡೇ ವಾದ್ಯ. ಪಿಯಾನೋ ಜನಪದ ಧಾಟಿಯನ್ನು ಯಾವ ಆಡಂಬರವೂ ಇಲ್ಲದೆ ಹೇಳುತ್ತದೆ. ಕೆಳಗೆ ರೀಡೆಲ್ ಅವರ ತಂತಿ, ಹೇಳಬೇಕಾದುದಕ್ಕಿಂತ ಒಂದು ಸ್ವರವನ್ನೂ ಹೆಚ್ಚಾಗಿ ಆಡದೆ, ಆ ಧಾಟಿಗೆ ಬೇಕಾದ ಅವಕಾಶವನ್ನು ಬಿಟ್ಟುಕೊಡುತ್ತದೆ. ಸ್ವಂತ ನೆಲದ ಹಾಡನ್ನು ಕೆಡಿಸದೆ ಜಾಝಿಗೆ ತರುವ ಮಾರ್ಗವನ್ನು ಸ್ವೀಡನ್ನಿನವರು ಇಲ್ಲಿಯೇ ಕಂಡುಕೊಂಡರೆನ್ನಬಹುದು. ಮುಂದೆ ಆಸ್ಟ್ರಿಡ್ ಲಿಂಡ್‌ಗ್ರೆನ್ ಅವರ ಮಕ್ಕಳ ಕಥೆಗಳ ಚಲನಚಿತ್ರಗಳಿಗೆ ರೀಡೆಲ್ ಕಟ್ಟಿದ ಹಾಡುಗಳು ಆ ದೇಶದ ಮನೆಮಾತಾದುವು. 2024ರಲ್ಲಿ ತೀರಿಕೊಂಡಾಗ ಅವರಿಗೆ ತೊಂಬತ್ತು ವರ್ಷ. ಪಾಲೆ ಡ್ಯಾನಿಯೆಲ್ಸನ್, ಆಂಡರ್ಸ್ ಯೋರ್ಮಿನ್ ಮೊದಲಾದವರು ಅನಂತರದ ತಲೆಮಾರುಗಳಲ್ಲಿ ಈ ವಾದ್ಯದ ಕೀರ್ತಿಯನ್ನು ಯೂರೋಪಿನಾದ್ಯಂತ ಹಬ್ಬಿಸಿದರು.

ಅದೇ 1964ರಲ್ಲಿ ಬೆಂಗಳೂರಿನಲ್ಲಿ ಮೃದಂಗ ವಿದ್ವಾನ್ ಟಿ.ಎ.ಎಸ್. ಮಣಿ ಅವರು ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಎಂಬ ತಾಳವಾದ್ಯ ಶಾಲೆಯನ್ನು ಸ್ಥಾಪಿಸಿದರು. ಮೃದಂಗ, ಘಟ, ಖಂಜರಿ, ಮೋರ್ಸಿಂಗ್‌ಗಳು ಗಾಯಕನ ಹಿಂದೆ ಕೈಕಟ್ಟಿ ನಿಲ್ಲುವ ವಾದ್ಯಗಳಲ್ಲ, ಸ್ವತಂತ್ರವಾಗಿ ಕಛೇರಿಯನ್ನು ತುಂಬಬಲ್ಲವು ಎಂಬ ನಂಬಿಕೆ ಆ ಶಾಲೆಯದು. ಅವರ ಪತ್ನಿ ಗಾಯಕಿ ಆರ್.ಎ. ರಮಾಮಣಿ ಅವರ ಕಂಠವೂ ಸೇರಿದ ಮೇಲೆ ಈ ತಂಡಕ್ಕೆ ಲಯದೊಡನೆ ರಾಗದ ಬಲವೂ ಒದಗಿತು. ಜರ್ಮನಿಯ ಎಂಬ್ರಿಯೊ ತಂಡದೊಡನೆ ಇವರು ಮಾಡಿದ ಧ್ವನಿಮುದ್ರಿಕೆ 1980ರಲ್ಲಿ ಪ್ರಕಟವಾಯಿತು. ಲೂಯಿ ಬ್ಯಾಂಕ್ಸ್ ಅವರ ಜಾಝ್ ತಂಡದಲ್ಲಿಯೂ ರಮಾಮಣಿ ಹಾಡಿದರು.

ಇವೆಲ್ಲಕ್ಕಿಂತ ಮಿಗಿಲಾದುದು 1983ರಲ್ಲಿ ಜರ್ಮನಿಯ ಇ.ಸಿ.ಎಂ. ಸಂಸ್ಥೆ ಹೊರತಂದ 'ಜ್ಯೋತಿ'. ಬಾಸ್ಟನ್ನಿನಲ್ಲಿ ಜನಿಸಿದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮಾರಿಯಾನೊ ಅದರಲ್ಲಿ ಅತಿಥಿ. ನಾಗಸ್ವರವನ್ನು ಶ್ರದ್ಧೆಯಿಂದ ಕಲಿತಿದ್ದ ಅವರಿಗೆ ಗಮಕವೆಂದರೆ ಏನೆಂಬುದು ತಿಳಿದಿತ್ತು. ರಚನೆಗಳು ರಮಾಮಣಿಯವರವು. ಈ ಮಾತನ್ನು ಒತ್ತಿ ಹೇಳಬೇಕಾಗಿದೆ. ಏಕೆಂದರೆ ಪಶ್ಚಿಮದ ಸಂಗೀತಗಾರನೊಬ್ಬನು ತನ್ನ ಕೃತಿಗೆ ಭಾರತದ ಬಣ್ಣ ಬೇಕೆಂದು ನಮ್ಮ ವಾದಕರನ್ನು ಕರೆಸಿಕೊಂಡ ನಿದರ್ಶನಗಳು ಹಲವಿದ್ದರೆ, ಬೆಂಗಳೂರಿನ ಗಾಯಕಿಯೊಬ್ಬರು ಕಟ್ಟಿಕೊಟ್ಟ ರಚನೆಯೊಳಗೆ ಅಮೆರಿಕದ ಹಿರಿಯ ವಾದಕನು ವಿನಯದಿಂದ ಸ್ಥಾನವನ್ನು ಹುಡುಕಿಕೊಂಡ ನಿದರ್ಶನಗಳು ವಿರಳ. 'ಜ್ಯೋತಿ'ಯಲ್ಲಿ ಬೇಸ್ ವಾದ್ಯವೇ ಇಲ್ಲ. ತಂಬೂರಿಯ ಶ್ರುತಿ, ಮೃದಂಗದ ಎಡಗೈ, ಘಟದ ಒಡಲಿನಿಂದ ಹೊರಡುವ ಗುಮ್ಮೆಂಬ ನಾದ ಇಷ್ಟೇ ಅದರ ತಳಹದಿ. ಅಷ್ಟು ಸಾಕೆಂಬುದು ಆ ಧ್ವನಿಮುದ್ರಿಕೆಯನ್ನು ಕೇಳಿದವರಿಗೆಲ್ಲ ಮನದಟ್ಟಾಗುತ್ತದೆ. ಇದಕ್ಕೂ ಮುನ್ನ 1970ರ ದಶಕದಲ್ಲಿ ಜಾನ್ ಮೆಕ್‌ಲಾಫ್ಲಿನ್, ಝಾಕಿರ್ ಹುಸೇನ್, ಎಲ್. ಶಂಕರ್, ವಿಕ್ಕು ವಿನಾಯಕರಾಂ ಅವರ 'ಶಕ್ತಿ' ತಂಡವೂ ಬೇಸ್ ವಾದ್ಯವನ್ನು ಹೊರಗಿಟ್ಟೇ ನಡೆದಿತ್ತು.

ಹಾಗಾದರೆ ಮಂದ್ರದ ತಂತಿಗೆ ನಮ್ಮ ಲಯದೊಡನೆ ಬಾಳುವ ದಾರಿಯೇ ಇಲ್ಲವೆ? ಇದಕ್ಕೆ ಉತ್ತರ ದೊರೆತುದು ಪುನಃ ಸ್ವೀಡನ್ನಿನಿಂದಲೇ. ಕ್ರಿಶ್ಚಿಯನ್ ಪೌಲಿನ್ ಎಂಬ ಬೇಸ್ ವಾದಕರ 'ಮಿಂಟಾ' ತಂಡವು ಫಜಲ್ ಖುರೇಷಿಯವರ ತಬಲೆಯನ್ನೂ ಶಂಕರ್ ಮಹಾದೇವನ್ ಅವರ ಕಂಠವನ್ನೂ ತನ್ನದಾಗಿಸಿಕೊಂಡಿತು. ಯೋನಾಸ್ ಹೆಲ್‌ಬೋರ್ಗ್ ಅವರದು ಇನ್ನೂ ಆಳವಾದ ಅನ್ವೇಷಣೆ. 1958ರಲ್ಲಿ ಗೋಥೆನ್‌ಬರ್ಗ್ ನಗರದಲ್ಲಿ ಜನಿಸಿದ ಇವರು 1980ರ ದಶಕದಲ್ಲಿ ಮೆಕ್‌ಲಾಫ್ಲಿನ್ ಅವರ ಮಹಾವಿಷ್ಣು ತಂಡದಲ್ಲಿ ನುಡಿಸಿ, ಬೇಸ್ ಗಿಟಾರೊಂದನ್ನೇ ಹಿಡಿದು ಏಕಾಂಗಿಯಾಗಿ ಕಛೇರಿ ನಡೆಸಬಲ್ಲವರೆಂದು ಹೆಸರಾದರು. 1991ರ 'ದಿ ವರ್ಡ್' ಎಂಬ ಕೃತಿಯಲ್ಲಿ ಡ್ರಮ್ ವಾದಕ ಟೋನಿ ವಿಲಿಯಮ್ಸ್ ಅವರನ್ನೂ ಪಿಟೀಲು ಚೆಲ್ಲೋಗಳ ಒಂದು ಮೇಳವನ್ನೂ ಜೊತೆಗೂಡಿಸಿದರು. ಆ ಬಳಿಕ ಗಿಟಾರ್ ವಾದಕ ಶಾನ್ ಲೇನ್ ಅವರೊಡನೆ ಕೂಡಿ, ವಿಕ್ಕು ವಿನಾಯಕರಾಂ ಅವರ ಪುತ್ರರಾದ ಖಂಜರಿ ವಿದ್ವಾನ್ ಸೆಲ್ವಗಣೇಶ್ ಅವರನ್ನು ಸೇರಿಸಿಕೊಂಡು 2000ದಲ್ಲಿ ಒಂದು ಧ್ವನಿಮುದ್ರಿಕೆಯನ್ನು ಹೊರತಂದರು. 2003ರ 'ಐಕಾನ್'ನಲ್ಲಿ ಸೆಲ್ವಗಣೇಶರ ಸೋದರರೂ ಬಂದು ಕೂಡಿಕೊಂಡರು. ಅದೇ ವರ್ಷ ಲೇನ್ ಅವರು ಅಕಾಲದಲ್ಲಿ ತೀರಿಕೊಂಡುದು ಈ ಪ್ರಯೋಗಕ್ಕೆ ದೊಡ್ಡ ನಷ್ಟ.

ಖಂಜರಿಯ ಪ್ರಸ್ತಾಪ ಬಂದುದರಿಂದ ಆ ಪುಟ್ಟ ವಾದ್ಯವನ್ನು ಸ್ವಲ್ಪ ಸಮೀಪದಿಂದ ನೋಡೋಣ. ಹಲಸಿನ ಮರದ ಬಳೆ. ಅದಕ್ಕೆ ಬಿಗಿದ ಚರ್ಮ, ಹಿಂದೆ ಅದು ಉಡದ್ದಾಗಿರುತ್ತಿತ್ತು. ಪಕ್ಕದಲ್ಲಿ ಒಂದು ಜೊತೆ ಬಿಲ್ಲೆ. ನುಡಿಸುವ ಮುನ್ನ ವಾದಕನು ಚರ್ಮದ ಒಳಮೈಗೆ ನೀರನ್ನು ಸವರುತ್ತಾನೆ. ಒದ್ದೆಯಾದ ಚರ್ಮವು ಸಡಿಲಗೊಂಡು ಅದರ ನಾದ ಕೆಳಗಿಳಿಯುತ್ತದೆ. ಬಲಗೈ ಹೊಡೆಯುತ್ತಿರುವಾಗ ವಾದ್ಯವನ್ನು ಹಿಡಿದ ಎಡಗೈಯ ಬೆರಳುಗಳು ಅಂಚಿನ ಬಳಿ ಚರ್ಮವನ್ನು ಒತ್ತಿ ಬಿಡುವುದರಿಂದ ಆ ಮಂದ್ರನಾದವು ಜಾರುತ್ತದೆ, ಏರುತ್ತದೆ, ಬಾಗುತ್ತದೆ. ಅಂಗೈಯಗಲದ ಚರ್ಮದಿಂದ ಇಂತಹ ಗಂಭೀರಧ್ವನಿ ಹೊರಡುವುದನ್ನು ಮೊದಲ ಸಲ ಕೇಳಿದವರು ಬೆರಗಾಗದಿರಲಾರರು. ಹೆಲ್‌ಬೋರ್ಗ್ ತಮ್ಮ ತಂತಿಯನ್ನು ಎಳೆದು ಜಾರಿಸುವ ಸ್ವರಗಳಿಗೆ ಸಮಾನವಾದ ಮರುನುಡಿ ಈ ಚರ್ಮದಲ್ಲಿತ್ತು. ಸ್ವರಮೇಳಗಳನ್ನು ಅಡಿಗಡಿಗೆ ಬದಲಿಸುವ ಹಟವನ್ನು ತೊರೆದು, ಒಂದೇ ಆಧಾರಸ್ವರದ ಸುತ್ತ ತಂತಿಯನ್ನು ತಾಳವಾದ್ಯದಂತೆ ನುಡಿಸಿ, ಖಂಜರಿಯ ಲೆಕ್ಕಾಚಾರಕ್ಕೆ ಲೆಕ್ಕಾಚಾರದಿಂದಲೇ ಉತ್ತರಕೊಟ್ಟುದರಿಂದ ಅವರಿಗೆ ದಾರಿ ತೆರೆಯಿತು. ತಂಬೂರಿಗೂ ಮೃದಂಗಕ್ಕೂ ನಡುವಣ ಒಂದು ಸ್ಥಾನವನ್ನು ಆ ತಂತಿಯು ಹೀಗೆ ಪಡೆಯಿತೆಂದು ನನ್ನ ತಿಳಿವಳಿಕೆ.

ಕನ್ನಡನಾಡಿನ ಕಡೆಯಿಂದ ಇದೇ ದಾರಿಯಲ್ಲಿ ನಡೆದ ಇನ್ನೊಂದು ಧಾರೆಯುಂಟು. ಪಶ್ಚಿಮದ ವಾದ್ಯಗಳನ್ನು ಮೈಸೂರಿನ ಅರಸರು ಆದರದಿಂದ ಪೋಷಿಸಿದರು. ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನನ್ನು ಕಂಡು ಮರುಳಾದ ದಕ್ಷಿಣ ಕನ್ನಡದ ನಾಗಸ್ವರ ಮನೆತನದ ಕದ್ರಿ ಗೋಪಾಲನಾಥರು ಅದನ್ನು ಕರ್ನಾಟಕ ಸಂಗೀತದ ಗಮಕಗಳಿಗೆ ಒಗ್ಗಿಸಿ, 1980ರಲ್ಲಿ ಮುಂಬಯಿಯ ಜಾಝ್ ಯಾತ್ರಾ ಉತ್ಸವದಲ್ಲಿಯೂ 1994ರಲ್ಲಿ ಲಂಡನ್ನಿನ ಪ್ರಾಮ್ಸ್ ಸಂಗೀತೋತ್ಸವದಲ್ಲಿಯೂ ನುಡಿಸಿದರು. ಅವರ ಧ್ವನಿಮುದ್ರಿಕೆಯೊಂದು ಅಮೆರಿಕದಲ್ಲಿ ಜಾಝ್ ಕಲಿಯುತ್ತಿದ್ದ ರುದ್ರೇಶ ಮಹಾಂತಪ್ಪ ಎಂಬ ಕನ್ನಡ ಮೂಲದ ತರುಣನ ಕೈಸೇರಿತು. ದಾವಣಗೆರೆ ಸೀಮೆಯಲ್ಲಿ ಓಣಿಓಣಿಯಲ್ಲಿಯೂ ಕೇಳಿಬರಬಹುದಾದ ಈ ಹೆಸರಿನ ವಾದಕ ಜನಿಸಿದುದು ಇಟಲಿಯ ಟ್ರಿಯೆಸ್ಟೆಯಲ್ಲಿ, ಬೆಳೆದುದು ಕೊಲರಾಡೊದಲ್ಲಿ. 2004ರ 'ಮದರ್ ಟಂಗ್' ಎಂಬ ಅವರ ಧ್ವನಿಮುದ್ರಿಕೆಯಲ್ಲಿ, ಭಾರತದ ಬೇರೆಬೇರೆ ನುಡಿಗಳನ್ನಾಡುವವರ ಸಹಜವಾದ ಮಾತಿನ ಏರಿಳಿತವನ್ನೇ ಸ್ವರಲಿಪಿಗೆ ಇಳಿಸಿ ಕಟ್ಟಿದ ರಚನೆಗಳಿವೆ. ಅವುಗಳಲ್ಲೊಂದರ ಹೆಸರು 'ಕನ್ನಡ'. ನಮ್ಮ ಮಾತಿನ ಧಾಟಿಯಿಂದ ಹುಟ್ಟಿದ ಆ ರಚನೆಗೆ ಫ್ರಾನ್ಸಿನ ಬೇಸ್ ವಾದಕ ಫ್ರಾನ್ಸ್ವಾ ಮೂತ್ಯಾಂ ತಂತಿಯ ಆಧಾರವನ್ನು ಕೊಟ್ಟಿದ್ದಾರೆ.

2008ರ 'ಕಿನ್ಸ್‌ಮೆನ್'ನಲ್ಲಿ ಗೋಪಾಲನಾಥರೂ ಮಹಾಂತಪ್ಪನವರೂ ಒಂದೇ ವೇದಿಕೆಗೆ ಬಂದರು. ಎ. ಕನ್ಯಾಕುಮಾರಿಯವರ ಪಿಟೀಲು, ಪೂವಲೂರ್ ಶ್ರೀಜಿಯವರ ಮೃದಂಗ ಒಂದು ಕಡೆ. ರೆಜ್ ಅಬ್ಬಾಸಿಯವರ ಗಿಟಾರ್, ಕಾರ್ಲೊ ಡಿ ರೋಸಾ ಅವರ ಡಬಲ್ ಬೇಸ್ ಇನ್ನೊಂದು ಕಡೆ. 'ಜ್ಯೋತಿ'ಯಲ್ಲಿ ಹೊರಗುಳಿದಿದ್ದ ವಾದ್ಯವು ಇಲ್ಲಿ ಮೃದಂಗದ ಜೊತೆಗೇ ಕುಳಿತಿದೆ; ಎರಡು ಸ್ಯಾಕ್ಸೊಫೋನುಗಳು ಸವಾಲು ಜವಾಬುಗಳಲ್ಲಿ ಮುನ್ನುಗ್ಗುತ್ತಿರುವಾಗ ಅವುಗಳ ಕಾಲ ಕೆಳಗಿನ ನೆಲವನ್ನು ಮೃದಂಗದ ಎಡಮುಖವೂ ಆ ತಂತಿಯೂ ಒಟ್ಟಾಗಿ ಹೊತ್ತಿವೆ.