ಚೌಕಾಬಾರದಲ್ಲಿ ಹೊಸಬರೇ ಸೋಲುವುದೇಕೆ? ಕವಡೆ ಪಳಗಿದ ಕೈಯ ಮಾತು ಕೇಳುತ್ತದೆಯೇ?

ನಾಗರ ಪಂಚಮಿ ಬಂತೆಂದರೆ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆ ಜೋಕಾಲಿ, ಉಂಡಿಯ ಜೊತೆಗೆ ಪಡಸಾಲೆಯ ಆಟಗಳೂ ನೆನಪಾಗುತ್ತವೆ. ಸೀಮೆಸುಣ್ಣದಲ್ಲಿ ಐದೈದು ಮನೆ ಬರೆದು, ನಾಲ್ಕು ಕವಡೆ ಹಿಡಿದು ಕುಳಿತರೆ ಹೊತ್ತು ಹೋದದ್ದೇ ತಿಳಿಯದು. ಆದರೆ ಮೊದಲ ಸಲ ಆಡಲು ಕುಳಿತ ಹೊಸ ಸೊಸೆಯೋ, ರಜೆಗೆ ಬಂದ ಮೊಮ್ಮಗನೋ ಸೋತು ಎದ್ದಾಗ ಯಾರಾದರೂ ಹೇಳುವ ಮಾತು ಒಂದೇ: "ಕವಡಿ ಪಳಗಿದ ಕೈಯ ಮಾತು ಕೇಳ್ತಾವ." ಇದು ನಿಜವೇ? ಲೆಕ್ಕ ಹಾಕಿ ನೋಡೋಣ.

ಹೇಳಿಕೆ 1: ಹೊಸಬರ ಕೈಗೆ ಗರ ಬೀಳುವುದಿಲ್ಲ

ಇದು ತಪ್ಪು. ನಾಲ್ಕು ಕವಡೆ ಎಸೆದಾಗ ಬಾಯಿ ಮೇಲಾಗಿ ಬಿದ್ದವನ್ನು ಎಣಿಸುತ್ತೇವೆ. ನಾಲ್ಕೂ ಮೇಲಾದರೆ ಚೌಕ, ಅಂದರೆ 4. ನಾಲ್ಕೂ ಬೋರಲಾದರೆ ಬಾರ, ಅಂದರೆ 8. ಕವಡೆ ಎರಡೂ ಬದಿಗೆ ಸಮನಾಗಿ ಬೀಳುತ್ತದೆ ಎಂದುಕೊಂಡರೆ ಒಟ್ಟು 16 ಸಾಧ್ಯತೆಗಳಿವೆ. ಅದರಲ್ಲಿ 1 ಬೀಳುವುದು 4 ರೀತಿ, 2 ಬೀಳುವುದು 6 ರೀತಿ, 3 ಬೀಳುವುದು 4 ರೀತಿ. ಚೌಕ ಮತ್ತು ಬಾರಕ್ಕೆ ತಲಾ ಒಂದೇ ರೀತಿ.

ಕಾಯಿ ಇಳಿಸಲು ಚೌಕ ಅಥವಾ ಬಾರವೇ ಬೇಕು ಎಂಬ ನಿಯಮ ನಿಮ್ಮ ಮನೆಯಲ್ಲಿದ್ದರೆ, ಪ್ರತಿ ಎಸೆತದಲ್ಲಿ ಅವಕಾಶ 8ರಲ್ಲಿ 1 ಮಾತ್ರ. ಹತ್ತು ಸಲ ಎಸೆದರೂ ನಾಲ್ವರಲ್ಲಿ ಒಬ್ಬರಿಗೆ ಅದು ಬೀಳದೇ ಹೋಗಬಹುದು. ಹಳಬರಿಗೂ ಹೀಗೇ ಆಗುತ್ತದೆ, ಆದರೆ ಅದು ಯಾರ ನೆನಪಿನಲ್ಲೂ ಉಳಿಯುವುದಿಲ್ಲ. ಹೊಸಬರಿಗೆ ಆದರೆ ಎಲ್ಲರಿಗೂ ನೆನಪಿರುತ್ತದೆ.

ಹೇಳಿಕೆ 2: ಬೇಕಾದ ಗರ ಬೀಳಿಸಬಹುದು

ಇದು ಅರ್ಧ ನಿಜ. ಕವಡೆಗಳನ್ನು ಅಂಗೈಯಲ್ಲಿ ಜೋಡಿಸಿ, ನೆಲಕ್ಕೆ ತೀರ ಹತ್ತಿರದಿಂದ ಉರುಳದಂತೆ ಜಾರಿಸಿದರೆ ಅವು ಹಿಡಿದಂತೆಯೇ ಕೂರಬಹುದು. ಇದರಲ್ಲಿ ಮಂತ್ರವೇನೂ ಇಲ್ಲ, ಅದು ಎಸೆತವೇ ಅಲ್ಲ. ಚೆನ್ನಾಗಿ ಕುಲುಕಿ ಎತ್ತರದಿಂದ ಎಸೆದರೆ ಈ ಹಿಡಿತ ಉಳಿಯುವುದಿಲ್ಲ. 2023ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸಂಶೋಧಕರು ನಾಣ್ಯವನ್ನು 3,50,757 ಸಲ ಚಿಮ್ಮಿದರು. ಮೊದಲು ಮೇಲಿದ್ದ ಬದಿಯೇ ಮತ್ತೆ ಮೇಲೆ ಬಂದದ್ದು ಶೇ. 50.8ರಷ್ಟು ಮಾತ್ರ.

ಹೇಳಿಕೆ 3: ಸೋಲಿಸುವುದು ಓರೆ ಕವಡೆ

ಕವಡೆ ಒಂದು ಬದಿಗೆ ಹೆಚ್ಚು ಬೀಳುವುದು ಸಹಜ. ನೂರರಲ್ಲಿ 50ರ ಬದಲು 60 ಸಲ ಬಾಯಿ ಮೇಲಾಗುವ ಕವಡೆಗಳಿದ್ದರೆ, ಚೌಕದ ಸಾಧ್ಯತೆ ಸುಮಾರು ಶೇ. 6ರಿಂದ ಶೇ. 13ಕ್ಕೆ ಏರುತ್ತದೆ. ಕಣ್ಣಿಗೆ ಕಾಣದ ಓರೆ ಗರವನ್ನು ಇಮ್ಮಡಿ ಮಾಡಿತು! ಆದರೆ ಇಬ್ಬರೂ ಅದೇ ಕವಡೆ ಎಸೆದರೆ ಲಾಭವೂ ಇಬ್ಬರಿಗೆ. ಆಟದ ನಡುವೆ ಕವಡೆ ಬದಲಾದರೆ ಮಾತ್ರ ಅದು ಮೋಸ.

ಹಾಗಾದರೆ ನಿಜವಾದ ಅನ್ಯಾಯ ಎಲ್ಲಿದೆ?

ಹೆಚ್ಚಾಗಿ ನಿಯಮದಲ್ಲಿ. ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಮನೆಗೆ ಹೋಗುವಂತಿಲ್ಲ ಎಂಬುದು ಹಲವೆಡೆ ಇರುವ ನಿಯಮ. ಅದನ್ನು ಹೊಸಬರಿಗೆ ಮೊದಲೇ ಹೇಳದೆ, ಅವರ ಕಾಯಿ ಒಳಮನೆಯ ಬಾಗಿಲಿಗೆ ಬಂದಾಗ ಹೇಳಿದರೆ? ಅಷ್ಟು ಹೊತ್ತು ಅವರು ಬೇರೆಯೇ ಆಟ ಆಡುತ್ತಿದ್ದರು ಎಂದಾಯಿತು. ಎಚ್.ಜಿ. ವೆಲ್ಸ್ 1913ರಲ್ಲಿ ಆಟಿಕೆ ಸೈನಿಕರ ಯುದ್ಧದಾಟಕ್ಕೆ 'ಲಿಟಲ್ ವಾರ್ಸ್' ಎಂಬ ನಿಯಮ ಪುಸ್ತಕವನ್ನೇ ಬರೆದರು. ಅಂಥ ಆಟದಲ್ಲಿ ಹೊಸಬರು ಪುಸ್ತಕ ತೆರೆದು ನೋಡಬಹುದು. ನಮ್ಮ ಆಟದ ನಿಯಮಗಳಿರುವುದು ಹಳಬರ ಬಾಯಲ್ಲಿ.

ಕುಮಾರವ್ಯಾಸ ಭಾರತ ಬರೆದದ್ದು ವೀರನಾರಾಯಣ ಗುಡಿಯಲ್ಲಿ ಎಂದು ನಂಬುವ ಗದುಗಿನವರಿಗೆ ಜೂಜಿನ ಪ್ರಸಂಗ ಹೊಸದಲ್ಲ. ಶಕುನಿಯ ದಾಳಗಳು ತಂದೆಯ ಮೂಳೆಯಿಂದ ಆದವು ಎಂಬ ಜನಪ್ರಿಯ ಕಥೆ ವ್ಯಾಸಭಾರತದಲ್ಲಿ ಇಲ್ಲ. ಅಲ್ಲಿ ಇರುವುದು ಇಷ್ಟು: ಆಟದ ಆಸೆಯಿದ್ದರೂ ನೈಪುಣ್ಯವಿಲ್ಲದ ಧರ್ಮರಾಯ ಕುಳಿತಾಗ, ಪಣ ದುರ್ಯೋಧನನದು, ಆಡುವವನು ಶಕುನಿ ಎಂದರು. ಒಬ್ಬನಿಗಾಗಿ ಇನ್ನೊಬ್ಬ ಆಡುವುದು ಸರಿಯಲ್ಲ ಎನಿಸಿದರೂ ಧರ್ಮರಾಯ ಏಳಲಿಲ್ಲ.

ನೀವು ಏನು ಮಾಡಬಹುದು?

- ಕಾಯಿ ಇಳಿಸುವುದು, ಕಡಿಯುವುದು, ಒಳಮನೆ ಹೊಗುವುದು: ಈ ಮೂರು ನಿಯಮಗಳನ್ನು ಮೊದಲೇ ಎಲ್ಲರೆದುರು ಹೇಳಿ.
- ಎಲ್ಲರೂ ಅವೇ ಕವಡೆಗಳನ್ನು ಬಳಸಿ. ಕರಟ ಅಥವಾ ಲೋಟದಲ್ಲಿ ಕುಲುಕಿ, ಒಂದು ಗೇಣು ಎತ್ತರದಿಂದ ಎಸೆಯಿರಿ. ಉರುಳದಿದ್ದರೆ ಮತ್ತೆ ಎಸೆಯಿರಿ.
- ಅನುಮಾನವಿದ್ದರೆ ಒಂದು ಕವಡೆಯನ್ನು 100 ಸಲ ಎಸೆದು ಬರೆದಿಡಿ. 40ರಿಂದ 60ರೊಳಗೆ ಬಂದರೆ ಅದನ್ನು ಓರೆ ಎನ್ನಲು ಆಧಾರವಿಲ್ಲ.
- ಹೊಸಬರ ಮೊದಲ ಆಟ ಲೆಕ್ಕಕ್ಕಿಲ್ಲ ಎಂದು ಒಪ್ಪಿಕೊಳ್ಳಿ.
- ಹಣ ಕಟ್ಟಬೇಡಿ. ಮೊದಲೆರಡು ಆಟ ಗೆಲ್ಲಲು ಬಿಟ್ಟು, ಆಮೇಲೆ ಪಣ ಏರಿಸುವುದು ಹಳೆಯ ಬಲೆ. ಮೊಬೈಲಿಗೆ ಬರುವ 'ಹೊಸ ಆಟಗಾರರಿಗೆ ಬೋನಸ್' ಲಿಂಕುಗಳಲ್ಲೂ ಅದೇ ಬಲೆ ಇರಬಹುದು. ಹಣವಿಟ್ಟು ಆಡಿಸುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದೆ. ಅಂಥ ಲಿಂಕನ್ನು ಫಾರ್ವರ್ಡ್ ಮಾಡಬೇಡಿ.

ನಮ್ಮ ತೀರ್ಮಾನ: ಕವಡೆ ಯಾರ ಮಾತನ್ನೂ ಕೇಳುವುದಿಲ್ಲ. ಹೊಸಬರು ಸೋಲುವುದು ಅನುಭವ ಸಾಲದೆ, ಇಲ್ಲವೇ ಯಾರೂ ನಿಯಮ ಹೇಳದೆ. ಮೊದಲನೆಯದು ಆಡುತ್ತ ಸರಿಹೋಗುತ್ತದೆ, ಎರಡನೆಯದನ್ನು ಹಳಬರೇ ಸರಿಪಡಿಸಬೇಕು. ಇಲ್ಲದಿದ್ದರೆ ಆ ಮೊಮ್ಮಗ ಮುಂದಿನ ಪಂಚಮಿಗೆ ಕವಡೆ ಬಿಟ್ಟು ಮೊಬೈಲ್ ಹಿಡಿಯುತ್ತಾನೆ.