ಸೃಷ್ಟಿವಾದ: ಎರವಲು ಬಂದ ಒಂದು ವಾದದ ಚರಿತ್ರೆ

2007ರ ಆರಂಭದಲ್ಲಿ ಫ್ರಾನ್ಸಿನ ಅನೇಕ ಶಾಲೆಗಳಿಗೆ ಯಾರೂ ಕೇಳಿರದ ಒಂದು ಪುಸ್ತಕ ಅಂಚೆಯಲ್ಲಿ ಬಂದಿಳಿಯಿತು. ಸುಮಾರು 800 ಪುಟ, ಐದು ಕಿಲೋಗಿಂತ ಹೆಚ್ಚು ತೂಕ, ನುಣುಪಾದ ಕಾಗದ, ತುಂಬ ವರ್ಣಚಿತ್ರಗಳು. ಹೆಸರು ‘ಅಟ್ಲಾಸ್ ಆಫ್ ಕ್ರಿಯೇಷನ್’. ಬರೆದವರು ಹಾರೂನ್ ಯಹ್ಯಾ, ಅಂದರೆ ಟರ್ಕಿಯ ಅದ್ನಾನ್ ಒಕ್ತಾರ್. ಅದೇ ವರ್ಷ ಅಮೆರಿಕದ ವಿಜ್ಞಾನಿಗಳ ಮೇಜಿಗೂ ಅದು ಪುಕ್ಕಟೆಯಾಗಿ ತಲುಪಿತು.

ಪುಸ್ತಕದ ವಾದ ಸರಳ. ಒಂದು ಬದಿಯಲ್ಲಿ ಕೋಟ್ಯಂತರ ವರ್ಷ ಹಳೆಯ ಪಳೆಯುಳಿಕೆ, ಇನ್ನೊಂದು ಬದಿಯಲ್ಲಿ ಅದೇ ಬಗೆಯ ಇಂದಿನ ಜೀವಿ. ಎರಡೂ ಒಂದೇ ರೀತಿ ಕಾಣುತ್ತವೆ, ಆದ್ದರಿಂದ ವಿಕಾಸ ನಡೆದೇ ಇಲ್ಲ. ಎಲ್ಲ ಜೀವಿಗಳೂ ಒಂದೇ ವೇಗದಲ್ಲಿ ಬದಲಾಗಲೇಬೇಕೆಂದು ವಿಕಾಸವಾದ ಹೇಳುವುದಿಲ್ಲ, ಪರಿಸರಕ್ಕೆ ಹೊಂದಿಕೊಂಡ ಜೀವಿಯ ಹೊರರೂಪ ಬಹುಕಾಲ ಹೆಚ್ಚು ಬದಲಾಗದೆ ಉಳಿಯಬಹುದು ಎಂಬುದನ್ನು ಪುಸ್ತಕ ಗಣನೆಗೆ ತೆಗೆದುಕೊಳ್ಳಲಿಲ್ಲ. ಚಿತ್ರಗಳನ್ನಾದರೂ ಸರಿಯಾಗಿ ಆರಿಸಿದ್ದರೇ? ಜೀವಂತ ಕೀಟವೆಂದು ಅಚ್ಚು ಹಾಕಿದ್ದ ಒಂದು ಚಿತ್ರ ನಿಜಕ್ಕೂ ಮೀನು ಹಿಡಿಯುವ ಗಾಳಕ್ಕೆ ಕಟ್ಟುವ ಕೃತಕ ನೊಣದ್ದಾಗಿತ್ತು. ಕೆಳಗಿನ ಲೋಹದ ಕೊಕ್ಕೆಯೂ ಚಿತ್ರದಲ್ಲಿ ಸ್ಪಷ್ಟವಾಗಿಯೇ ಇತ್ತು!

ಇಂಥ ಪುಸ್ತಕಗಳನ್ನು ಡಾರ್ವಿನ್ನನಿಗೆ ಇಸ್ಲಾಮ್ ಕೊಟ್ಟ ಉತ್ತರವೆಂದು ನಮ್ಮಲ್ಲಿ ಅನೇಕರು ನಂಬಿದ್ದಾರೆ. ಹಾಗಾದರೆ ಈ ವಾದದ ತವರು ಯಾವುದೆಂದು ನಾವು ಕೇಳಬೇಕಲ್ಲವೇ?

ಮುಸ್ಲಿಮ್ ಜಗತ್ತಿನಲ್ಲಿ ಡಾರ್ವಿನ್ ಕುರಿತ ಚರ್ಚೆ ಹೊಸದಲ್ಲ. ಜಮಾಲುದ್ದೀನ್ ಅಫ್ಘಾನಿಯವರು ಭೌತವಾದವನ್ನು ಖಂಡಿಸಿ ಪಾರ್ಸಿ ಭಾಷೆಯಲ್ಲಿ ಬರೆದ ಗ್ರಂಥ 1881ರಲ್ಲಿ ಪ್ರಕಟವಾಯಿತು. ಅವರು ಅದನ್ನು ಬರೆದದ್ದು ನಿಜಾಮರ ಹೈದರಾಬಾದಿನಲ್ಲಿ. (ನಮ್ಮ ಬೀದರ್, ಕಲಬುರಗಿ, ರಾಯಚೂರುಗಳೂ ಆಗ ಅದೇ ಸಂಸ್ಥಾನಕ್ಕೆ ಸೇರಿದ್ದವು.) ಅದರಲ್ಲಿ ಡಾರ್ವಿನ್ನನನ್ನು ಗೇಲಿ ಮಾಡುವ ಮಾತುಗಳಿವೆ. ಆದರೆ ತಲೆತಲಾಂತರದಿಂದ ನಾಯಿಗಳ ಬಾಲ ಕತ್ತರಿಸಿದರೆ ಕೊನೆಗೆ ಬಾಲವಿಲ್ಲದ ಮರಿ ಹುಟ್ಟುತ್ತದೆಂಬುದು ಡಾರ್ವಿನ್ನನ ಸಿದ್ಧಾಂತವೆಂದು ಅವರು ಭಾವಿಸಿದಂತಿದೆ. ಅದು ಡಾರ್ವಿನ್ನನ ಸಿದ್ಧಾಂತವಲ್ಲ. ಅವರ ನಿಜವಾದ ಗುರಿ ಜೀವಶಾಸ್ತ್ರವೂ ಆಗಿರಲಿಲ್ಲ, ಭೌತವಾದವಾಗಿತ್ತು. ಮುಂದೆ ಅವರ ನಿಲುವು ಎಷ್ಟೋ ಮೆದುವಾಯಿತು.

ಮರುವರ್ಷ, 1882ರಲ್ಲಿ, ಬೈರೂತಿನಲ್ಲಿ ದೊಡ್ಡ ಗಲಾಟೆಯಾಯಿತು. ಅಲ್ಲಿನ ಸಿರಿಯನ್ ಪ್ರಾಟೆಸ್ಟೆಂಟ್ ಕಾಲೇಜಿನ ಪ್ರಾಧ್ಯಾಪಕ ಎಡ್ವಿನ್ ಲೂಯಿಸ್ ಪದವಿ ಪ್ರದಾನ ಸಮಾರಂಭದಲ್ಲಿ ಡಾರ್ವಿನ್ನನನ್ನು ಹೊಗಳಿದರು. ಕಾಲೇಜನ್ನು ನಡೆಸುತ್ತಿದ್ದ ಅಮೆರಿಕದ ಮಿಶನರಿಗಳಿಗೆ ಅದು ಸಹಿಸಲಿಲ್ಲ. ಲೂಯಿಸ್ ಹುದ್ದೆ ಬಿಡಬೇಕಾಯಿತು, ವಿದ್ಯಾರ್ಥಿಗಳು ಪ್ರತಿಭಟಿಸಿದರು. ಅರಬ್ ನಾಡಿನಲ್ಲಿ ಡಾರ್ವಿನ್ನನ ಹೆಸರಿನಲ್ಲಿ ಒಬ್ಬ ಅಧ್ಯಾಪಕನ ಕೆಲಸ ಹೋದ ಈ ಪ್ರಸಿದ್ಧ ಪ್ರಕರಣಕ್ಕೆ ಕಾರಣರಾದವರು ಉಲೇಮಾಗಳಲ್ಲ, ಪಾದ್ರಿಗಳು.

ಉಲೇಮಾಗಳು ಏನು ಹೇಳಿದರು? ಟ್ರಿಪೋಲಿಯ, ಅಂದರೆ ಇಂದಿನ ಲೆಬನಾನಿನಲ್ಲಿರುವ ಆ ಹೆಸರಿನ ಪಟ್ಟಣದ, ವಿದ್ವಾಂಸ ಹುಸೈನ್ ಅಲ್ ಜಿಸ್ರ್ 1888ರಲ್ಲಿ ‘ರಿಸಾಲತುಲ್ ಹಮೀದಿಯ್ಯ’ ಬರೆದರು. ವಿಕಾಸಕ್ಕೆ ಖಚಿತ ಪುರಾವೆ ಸಿಕ್ಕಿಲ್ಲವೆಂಬುದು ಅವರ ಅಭಿಪ್ರಾಯವಾಗಿತ್ತು. ಆದರೆ ನಿರ್ವಿವಾದವಾದ ಪುರಾವೆ ಸಿಕ್ಕಿದರೆ ಸಂಬಂಧಿಸಿದ ಕುರ್‌ಆನ್ ವಚನಗಳನ್ನು ಅದಕ್ಕನುಗುಣವಾಗಿ ವ್ಯಾಖ್ಯಾನಿಸಬಹುದು, ಅದರಿಂದ ವಿಶ್ವಾಸಕ್ಕೆ ಭಂಗವಿಲ್ಲ ಎಂದೂ ಅವರು ಹೇಳಿದರು. ಈ ಗ್ರಂಥವನ್ನು ಉಸ್ಮಾನೀ ಸುಲ್ತಾನ ಅಬ್ದುಲ್ ಹಮೀದ್ ಪುರಸ್ಕರಿಸಿದರು. ಪುರಾವೆಯ ಬಾಗಿಲನ್ನು ಮುಚ್ಚದ ಈ ನಿಲುವು ನಮ್ಮ ಪರಂಪರೆಯಲ್ಲಿಯೇ ಬೆಳೆದದ್ದು. (ಬಸರಾದ ಅಲ್ ಜಾಹಿಝ್ ಒಂಬತ್ತನೇ ಶತಮಾನದಲ್ಲೇ ಡಾರ್ವಿನ್ನನ ಸಿದ್ಧಾಂತವನ್ನು ಕಂಡುಹಿಡಿದಿದ್ದರೆಂಬ ಹೆಮ್ಮೆಯ ಮಾತೂ ಉತ್ಪ್ರೇಕ್ಷೆಯೇ. ಜಾಹಿಝ್ ದೊಡ್ಡ ಪ್ರಾಣಿವೀಕ್ಷಕರು, ಅಷ್ಟು ಸಾಕು.)

ಸೃಷ್ಟಿವಾದದ ಸಿದ್ಧಸರಕು ಬಂದದ್ದು ಅಮೆರಿಕದಿಂದ. 1961ರಲ್ಲಿ ಜಾನ್ ವಿಟ್‌ಕಾಂಬ್ ಮತ್ತು ಹೆನ್ರಿ ಮಾರಿಸ್ ‘ದಿ ಜೆನೆಸಿಸ್ ಫ್ಲಡ್’ ಎಂಬ ಪುಸ್ತಕ ಪ್ರಕಟಿಸಿದರು. ಭೂಮಿಯ ವಯಸ್ಸು ಕೆಲವೇ ಸಾವಿರ ವರ್ಷ, ಪಳೆಯುಳಿಕೆಗಳೆಲ್ಲ ಬಹುಮಟ್ಟಿಗೆ ಪ್ರವಾದಿ ನೂಹರ ಕಾಲದ ಪ್ರಳಯದ ಕುರುಹುಗಳು ಎಂಬುದು ಅವರ ವಾದ. ಮಾರಿಸ್ ಮುಂದೆ ಕ್ಯಾಲಿಫೋರ್ನಿಯಾದಲ್ಲಿ ಸೃಷ್ಟಿ ಸಂಶೋಧನಾ ಸಂಸ್ಥೆಯನ್ನು ಕಟ್ಟಿದರು. 1980ರ ಸೇನಾ ಕ್ರಾಂತಿಯ ನಂತರ ಟರ್ಕಿಯಲ್ಲಿ ಎಡಪಂಥವನ್ನು ಹತ್ತಿಕ್ಕಲು ಧರ್ಮ ಮತ್ತು ರಾಷ್ಟ್ರೀಯತೆಯನ್ನು ಬೆಸೆಯುವ ಹವಣಿಕೆ ನಡೆದಿತ್ತು. ಶಿಕ್ಷಣ ಸಚಿವ ವೆಹ್ಬಿ ದಿಂಚೆರ್ಲರ್ ಅವರ ಕಾಲದಲ್ಲಿ ಸಚಿವಾಲಯ ಈ ಸಂಸ್ಥೆಯನ್ನೇ ಸಂಪರ್ಕಿಸಿತು. ಅಲ್ಲಿನ ಪುಸ್ತಕಗಳು ಟರ್ಕಿ ಭಾಷೆಗೆ ಬಂದು ಶಿಕ್ಷಕರಿಗೆ ಹಂಚಿಕೆಯಾದವು. 1985ರಲ್ಲಿ ಸೃಷ್ಟಿವಾದ ಪಠ್ಯಪುಸ್ತಕದೊಳಗೆ ಬಂತು. 1990ರಲ್ಲಿ ಒಕ್ತಾರ್ ಬಳಗದ ಪ್ರತಿಷ್ಠಾನ ಹುಟ್ಟಿತು. 1998ರಲ್ಲಿ ಅದರ ವೇದಿಕೆಗೆ ಕ್ಯಾಲಿಫೋರ್ನಿಯಾದ ಅದೇ ಸಂಸ್ಥೆಯ ಭಾಷಣಕಾರರೇ ಬಂದರು.

ಎರವಲು ಅಂಗಿಯನ್ನು ಸ್ವಲ್ಪ ಕತ್ತರಿಸಬೇಕಾಯಿತು. ಭೂಮಿಗೆ ಕೆಲವೇ ಸಾವಿರ ವರ್ಷವೆಂಬ ಲೆಕ್ಕ ಬೈಬಲಿನ ವಂಶಾವಳಿಗಳಿಂದ ತೆಗೆದದ್ದು, ಕುರ್‌ಆನಿನಲ್ಲಿ ಅಂಥ ಲೆಕ್ಕವಿಲ್ಲ. ಆದ್ದರಿಂದ ಅದನ್ನು ಕೈಬಿಟ್ಟು ಉಳಿದದ್ದನ್ನು ಇಟ್ಟುಕೊಂಡರು. ಪರಿಣಾಮ ವಿಚಿತ್ರ. ಪಳೆಯುಳಿಕೆಗೆ ಹತ್ತು ಕೋಟಿ ವರ್ಷವೆಂದು ಭೂವಿಜ್ಞಾನಿ ಹೇಳಿದರೆ ಅಟ್ಲಾಸ್ ಒಪ್ಪುತ್ತದೆ. ಅದೇ ಶಿಲಾಪದರಗಳಲ್ಲಿ ಕಾಣುವ ಜೀವಿಗಳ ಕ್ರಮವಾದ ಬದಲಾವಣೆಯನ್ನು ತೋರಿಸಿದರೆ ಒಪ್ಪುವುದಿಲ್ಲ.

ಅಮೆರಿಕದಲ್ಲೂ ಅಂಗಿ ಬದಲಾಯಿತು. 1987ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಸರಕಾರಿ ಶಾಲೆಗಳಲ್ಲಿ ಸೃಷ್ಟಿವಾದದ ಬೋಧನೆ ಸಂವಿಧಾನಬಾಹಿರವೆಂದಿತು. ಆಗ ಸಿದ್ಧವಾಗುತ್ತಿದ್ದ ‘ಆಫ್ ಪಾಂಡಾಸ್ ಆ್ಯಂಡ್ ಪೀಪಲ್’ ಎಂಬ ಪಠ್ಯದ ಕರಡಿನಲ್ಲಿ ‘ಸೃಷ್ಟಿವಾದಿಗಳು’ ಎಂಬ ಪದ ಮಾಯವಾಗಿ ‘ವಿನ್ಯಾಸದ ಪ್ರತಿಪಾದಕರು’ ಎಂಬುದು ಬಂತು. ಒಂದು ಕರಡಿನಲ್ಲಿ ಹಳೆಯ ಪದ ಪೂರ್ತಿ ಅಳಿಯದೆ ಹೊಸ ಪದದೊಳಗೆ ಅರ್ಧಂಬರ್ಧ ಸಿಕ್ಕಿಬಿದ್ದಿತ್ತು. 2005ರಲ್ಲಿ ಪೆನ್ಸಿಲ್ವೇನಿಯಾದ ಡೋವರ್ ಪಟ್ಟಣದ ಹನ್ನೊಂದು ಮಂದಿ ಪೋಷಕರು ಹೂಡಿದ ಮೊಕದ್ದಮೆಯಲ್ಲಿ ಈ ಕರಡುಗಳೇ ಸಾಕ್ಷಿ ನುಡಿದವು. ‘ಬುದ್ಧಿಯುತ ವಿನ್ಯಾಸ’ ವಿಜ್ಞಾನವಲ್ಲ, ಸೃಷ್ಟಿವಾದದ ಇನ್ನೊಂದು ರೂಪವೆಂದು ನ್ಯಾಯಾಧೀಶ ಜಾನ್ ಜೋನ್ಸ್ ಡಿಸೆಂಬರ್ 20ರಂದು 139 ಪುಟಗಳ ತೀರ್ಪು ನೀಡಿದರು. ಜೋನ್ಸ್‌ರನ್ನು ನೇಮಿಸಿದ್ದವರು ಅಧ್ಯಕ್ಷ ಬುಷ್. ವಿಕಾಸದ ಪರವಾಗಿ ಮೊದಲು ಸಾಕ್ಷಿ ಹೇಳಿದ ಜೀವಶಾಸ್ತ್ರಜ್ಞ ಕೆನೆತ್ ಮಿಲ್ಲರ್ ಶ್ರದ್ಧಾವಂತ ಕ್ಯಾಥೊಲಿಕರು. ಅದು ದೇವರನ್ನು ನಂಬುವವರ ಮತ್ತು ನಂಬದವರ ಜಗಳವೆಂದು ಚಿತ್ರಿಸುವವರು ಈ ವಿವರವನ್ನು ಹೇಳುವುದಿಲ್ಲ.

ಟರ್ಕಿಯಲ್ಲಿ 2017ರಲ್ಲಿ ಪ್ರೌಢಶಾಲೆಯ ಪಠ್ಯಕ್ರಮದಿಂದ ವಿಕಾಸದ ಪಾಠವನ್ನೇ ಕೈಬಿಡುವ ನಿರ್ಧಾರ ಪ್ರಕಟವಾಯಿತು. ಒಕ್ತಾರ್ 2018ರಲ್ಲಿ ಬಂಧಿತನಾದ. ಲೈಂಗಿಕ ದೌರ್ಜನ್ಯವೂ ಸೇರಿದಂತೆ ಹಲವು ಅಪರಾಧಗಳಿಗಾಗಿ 2021ರಲ್ಲಿ ಸಾವಿರಕ್ಕೂ ಹೆಚ್ಚು ವರ್ಷಗಳ ಸೆರೆವಾಸದ ಶಿಕ್ಷೆಯಾಯಿತು. ಮರುವಿಚಾರಣೆಯ ನಂತರ 2022ರಲ್ಲಿ ಅದು ಎಂಟು ಸಾವಿರ ವರ್ಷಗಳನ್ನು ದಾಟಿತು. ಲೇಖಕನ ನಡತೆಯಿಂದ ವಾದದ ಸತ್ಯಾಸತ್ಯ ತೀರ್ಮಾನವಾಗದು, ನಿಜ. ಅದನ್ನು ಪಳೆಯುಳಿಕೆಗಳೇ ತೀರ್ಮಾನಿಸಬೇಕು.

ಜೋರ್ಡಾನಿನ ಹಾಶಿಮೀ ವಿಶ್ವವಿದ್ಯಾನಿಲಯದಲ್ಲಿ ಜೀವಶಾಸ್ತ್ರ ಕಲಿಸುವ ರನಾ ದಜಾನಿ, ಹಿಜಾಬ್ ಧರಿಸುವ ಮುಸ್ಲಿಮ್ ಮಹಿಳೆ. ತಾನು ಮುಸ್ಲಿಮ್ ವಿದ್ಯಾರ್ಥಿಗಳಿಗೆ ವಿಕಾಸವನ್ನು ಏಕೆ ಕಲಿಸುತ್ತೇನೆಂದು 2015ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಅವರ ತರಗತಿಗೆ ಬರುವವರಲ್ಲಿ ಹೆಚ್ಚಿನವರು ಮೊದಲಿಗೆ ವಿಕಾಸವನ್ನು ವಿರೋಧಿಸುತ್ತಲೇ ಬರುತ್ತಾರೆ. ಅಲ್ ಜಿಸ್ರ್ ಕೇಳಿದ್ದ ಪುರಾವೆಗಳನ್ನು ಅವರು ಆ ತರಗತಿಯಲ್ಲಿ ಒಂದೊಂದಾಗಿ ಮೇಜಿನ ಮೇಲಿಡುತ್ತಾರೆ.